ಸಾಕು ಮೊಲ ಎಂದು ಬರೆದುಕೊಟ್ಟೆ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಪೇಟ ಇಟ್ಟು, ಕೊರಳಿಗೆ ಹಾರ ಹಾಕಿ ಕೂರಿಸಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಬ್ಬ ಪಶುವೈದ್ಯೆ ಮೈಕು ಹಿಡಿದು, “ಸಾರ್, ನಿಮ್ಮ ಸರ್ವಿಸಿನಲ್ಲಿ ಮರೆಯೋಕೇ ಆಗದ ಕೇಸು ಯಾವುದು?” ಎಂದು ಕೇಳಿದಳು. ನಾನು ಒಂದು ಎಮ್ಮೆಯ ಕಥೆ ಹೇಳಿದೆ. ಹೊಟ್ಟೆಯಲ್ಲಿ ಕರು ಅಡ್ಡಡ್ಡ ತಿರುಗಿಕೊಂಡದ್ದು, ಭುಜದವರೆಗೂ ಕೈ ಹಾಕಿ ಮೂರು ಗಂಟೆ ಒದ್ದಾಡಿ ಅದನ್ನು ಜೀವಂತ ತೆಗೆದದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಕಥೆ ಸುಳ್ಳಲ್ಲ. ಆದರೆ ಆ ಹುಡುಗಿ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಉತ್ತರ ಮೂರು ಮೊಲಗಳದ್ದು. ಶಾಲು ಹೊದ್ದುಕೊಂಡು ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಈ ಇಲಾಖೆಗೆ ಈಗಷ್ಟೇ ಕಾಲಿಡುತ್ತಿರುವ ನಿಮಗೆ ಅದನ್ನೇ ಹೇಳಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ. ಎಷ್ಟು ಹಸು ಬದುಕಿಸಿದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿ ಇದೆ. ಇದು ಅದರಲ್ಲಿ ಇಲ್ಲ.

ನನ್ನ ನೌಕರಿಯ ಬಹುಪಾಲು ಕಳೆದದ್ದು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಊರಿನ ಪಶು ಆಸ್ಪತ್ರೆಯಲ್ಲಿ. ಎರಡು ಕೋಣೆ, ಮುಂದೆ ದನ ನಿಲ್ಲಿಸಿ ಕಟ್ಟುವ ಕಬ್ಬಿಣದ ಚೌಕಟ್ಟು, ಹಿಂದೆ ಒಂದು ಹೊಂಗೆಮರ. ಕಿಟಕಿ ತೆರೆದರೆ ಸಾವನದುರ್ಗದ ಬೋಳು ಬಂಡೆ ಕಾಣುತ್ತಿತ್ತು. ಸಿಬ್ಬಂದಿ ಎಂದರೆ ನಾನು ಮತ್ತು ಪುಟ್ಟಗೌರಮ್ಮ. ಆಕೆ ನಾಲ್ಕನೇ ದರ್ಜೆಯ ನೌಕರಳು. ಗುಡಿಸುವುದು, ನೀರು ಕಾಯಿಸುವುದು ಅವಳ ಕೆಲಸ ಎಂದು ಕಾಗದದಲ್ಲಿ ಇತ್ತು. ನಿಜದಲ್ಲಿ ಒದೆಯುವ ಹಸುವಿನ ಮೂಗು ಹಿಡಿಯುವುದರಿಂದ ಹಿಡಿದು, ಯಾವ ಮನೆಯ ದನಕ್ಕೆ ಯಾವ ಕಾಯಿಲೆ ಎಂದು ನನಗಿಂತ ಮೊದಲೇ ಹೇಳುವವರೆಗೆ ಎಲ್ಲವೂ ಅವಳದೇ.

ದನ, ಕುರಿಗಳ ಜೊತೆಗೆ ಅಲ್ಲಿ ನಾಯಿಗಳೂ ಬರುತ್ತಿದ್ದವು. ಅದೂ ಅಮಾವಾಸ್ಯೆ ಆದ ಮಾರನೇ ದಿನ ಹೆಚ್ಚು. ಮೊದಮೊದಲು ನನಗೆ ಇದು ತಿಳಿಯಲಿಲ್ಲ. ಉದ್ದ ಕಾಲಿನ, ಸಣ್ಣ ಸೊಂಟದ ನಾಯಿಗಳು. ಒಂದರ ಎದೆಗೆ ಬೇಲಿ ತಂತಿ ಗೀರಿರುತ್ತಿತ್ತು, ಇನ್ನೊಂದರ ಪಾದಕ್ಕೆ ಕಾರೆಮುಳ್ಳು ಮುರಿದು ಕೂತಿರುತ್ತಿತ್ತು. ಯಾರನ್ನು ಕೇಳಿದರೂ, “ಬೇಲಿ ಹಾರಕ್ ಹೋಗಿ ಕುಯ್ಕಂತು ಸಾ” ಎಂಬ ಒಂದೇ ಉತ್ತರ. ಒಂದು ದಿನ ಪುಟ್ಟಗೌರಮ್ಮ ನಗುತ್ತಾ, “ಊರ್ ನಾಯ್ಗೊಳೆಲ್ಲ ಒಂದೇ ರಾತ್ರಿ ಬೇಲಿ ಹಾರ್ತವಾ ಸಾ? ಕತ್ಲಲ್ಲಿ ಮೊಲುಕ್ ಬುಟ್ಟವ್ರೆ ಕಣೇಳಿ” ಎಂದಳು. ಬೆಳದಿಂಗಳಲ್ಲಿ ಬೆಳಕು ಹಾಕಿದರೆ ಮೊಲ ಕಣ್ಣು ಕೋರೈಸಿ ಕೂರುವುದಿಲ್ಲ, ಓಡಿಹೋಗುತ್ತದೆ, ಅದಕ್ಕೇ ಕತ್ತಲ ರಾತ್ರಿಯೇ ಬೇಕು ಎಂದೂ ಆಕೆಯೇ ಹೇಳಿಕೊಟ್ಟಳು.

ಕಾಡುಮೊಲ ಹೊಡೆಯುವುದು ಅಪರಾಧ ಎಂದು ನನಗೆ ಗೊತ್ತಿತ್ತು. ಆದರೂ ಹೊಲಿಗೆ ಹಾಕಿ, ಸೂಜಿ ಚುಚ್ಚಿ ಕಳಿಸುತ್ತಿದ್ದೆ. ಗಾಯ ನೋಡುವುದು ನನ್ನ ಕೆಲಸ, ಗಾಯ ಹೇಗಾಯಿತು ಎಂದು ಕೇಳುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಆ ನಾಯಿಗಳಲ್ಲಿ ಒಂದರ ಹೆಸರು ಚಿನ್ನಿ. ಅದು ಕೆಂಚಪ್ಪನದು. ಕೆಂಚಪ್ಪ ಮೂವತ್ತು ನಲವತ್ತು ಕುರಿ ಇಟ್ಟುಕೊಂಡು, ಒಂದೆಕರೆಯಲ್ಲಿ ರಾಗಿ, ಹುರುಳಿ ಬೆಳೆದುಕೊಂಡಿದ್ದ ಮನುಷ್ಯ. ಮೊದಲ ಸಲ ಚಿನ್ನಿಯನ್ನು ಹೆಗಲ ಮೇಲೆ ಹೊತ್ತು ತಂದಾಗ ಅದರ ಎದೆ ಒಂದು ಗೇಣು ಸೀಳಿತ್ತು. ನಾನು ಆಗಿನ್ನೂ ಹೊಸಬ. ಹೊಲಿಗೆ ಅಂದವಾಗಿ ಕಾಣಬೇಕೆಂಬ ಹುಚ್ಚಿನಲ್ಲಿ ಕೀವು ಇಳಿಯಲು ಕೆಳಗೆ ಸಂದು ಬಿಡದೆ ಪೂರ್ತಿ ಬಿಗಿದು ಹೊಲಿದುಬಿಟ್ಟೆ. ನಾಲ್ಕು ದಿನಕ್ಕೆ ಎದೆ ಊದಿ, ನಾಯಿ ಜ್ವರದಲ್ಲಿ ಬಿದ್ದುಕೊಂಡಿತು. ಕೆಂಚಪ್ಪ ಮತ್ತೆ ಹೊತ್ತು ತಂದ. ಬೈಯುತ್ತಾನೆ ಎಂದುಕೊಂಡೆ.

“ತಪ್ಪಾಯ್ತು ಕೆಂಚಪ್ಪ. ನಾನೇ ಬಿಗಿಯಾಗಿ ಹೊಲಿದೆ” ಎಂದೆ.

“ಆಯ್ತು ಬುಡಿ ಡಾಕ್ಟ್ರೇ, ಈಗ ಬಿಚ್ಚಿ ಮತ್ತೆ. ನೀವ್ ತಪ್ಪು ಅಂತ ಒಪ್ಕಂಡ್ರಲ್ಲ, ಅದು ಬದ್ಕತ್ತೆ” ಎಂದ.

ಹೊಲಿಗೆ ಬಿಚ್ಚಿ ದಿನಾ ತೊಳೆದೆ. ಚಿನ್ನಿ ಬದುಕಿತು. ಅಲ್ಲಿಂದ ಕೆಂಚಪ್ಪನಿಗೂ ನನಗೂ ಸಲಿಗೆ ಬೆಳೆಯಿತು. ಒಂದು ಸಂಜೆ ಬಂದು, “ಸುಗ್ಗಿ ಮುಗ್ದೈತೆ. ಬನ್ನಿ ಸಾ, ರಾತ್ರಿ ಒಸಿ ಅಡ್ಡಾಡ್ಕಂಡ್ ಬರಾನ” ಎಂದು ಕರೆದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಗೊತ್ತಿದ್ದೇ ಹೋದೆ.

ಕೆಂಚಪ್ಪನ ಅಪ್ಪನ ಕಾಲದಲ್ಲಿ ಕಾರ್ಬೈಡಿನ ಗ್ಯಾಸ್ ಲೈಟು ಇತ್ತಂತೆ. ಆಮೇಲೆ ಐದು ಸೆಲ್ಲಿನ ಟಾರ್ಚು ಬಂತು. ಕೆಂಚಪ್ಪ ಮೋಟಾರ್ ಸೈಕಲ್ಲಿನ ಬ್ಯಾಟರಿಯನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು, ವೈರು ಎಳೆದು, ಹಳೇ ಟ್ಯೂಬಿನ ಪಟ್ಟಿಯಲ್ಲಿ ದೀಪವನ್ನು ಹಣೆಗೆ ಕಟ್ಟಿಕೊಳ್ಳುತ್ತಿದ್ದ. ಅವತ್ತು ಎರಡು ನಾಯಿ ಹಿಡಿಯಬೇಕಿದ್ದುದರಿಂದ ದೀಪ ನನ್ನ ಹಣೆಗೆ ಕಟ್ಟಿದ.

“ಕಣ್ಣು ಕಂಡ್ರೆ ತಲೆ ಅಲ್ಲಾಡಿಸ್ಬ್ಯಾಡಿ. ಬೆಳ್ಕು ಅಲ್ಲಾಡ್ದೆ ಇದ್ರೆ ಅದು ಕುಂತಂಗೇ ಇರ್ತದೆ. ಒಸಿ ಅಲ್ಲಾಡ್ತೋ, ಹೋಯ್ತು.”

ಕೊಯ್ದ ರಾಗಿ ಹೊಲ ದಾಟಿ ಹುರುಳಿ ಹೊಲದ ಬದುವಿಗೆ ಬಂದೆವು. ಬೆಳಕಿನ ತುದಿಯಲ್ಲಿ ಬೀಡಿಯ ಕೆಂಡದ ಹಾಗೆ ಎರಡು ಚುಕ್ಕೆ ಹೊತ್ತಿಕೊಂಡವು. ಆಮೇಲೆ ಎರಡು ಕಿವಿ, ಮುಂಗಾಲು ಎತ್ತಿ ಕೂತ ಮೈ ಕಂಡಿತು. ಅದು ನನ್ನನ್ನೇ ನೋಡುತ್ತಿತ್ತು, ಅಂದರೆ ಬೆಳಕನ್ನು. ನಾನು ಉಸಿರು ಬಿಗಿ ಹಿಡಿದೆ. ಕೆಂಚಪ್ಪ ಹಗ್ಗ ಬಿಟ್ಟ. ನಾಯಿಗಳು ಒಂದಿಷ್ಟೂ ಸದ್ದಿಲ್ಲದೆ ಬೆಳಕಿನ ಅಂಚಿನಲ್ಲಿ ಓಡಿದವು. ಕೊನೆ ಗಳಿಗೆಯಲ್ಲಿ ಮೊಲ ಹಾರಿತು, ಎರಡು ಸಲ ತಿರುಗಿತು, ಮೂರನೇ ಸಲ ಚಿನ್ನಿ ಅದನ್ನು ಹಿಡಿಯಿತು. ಅದು ಕೂಗಿತು. ಮೊಲ ಸಾಯುವಾಗ ಕೂಗುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಎಳೇ ಮಗು ಕೂಗಿದ ಹಾಗೆ ಕೂಗುತ್ತದೆ ಎಂದು ಯಾರೂ ಬರೆದಿರಲಿಲ್ಲ.

“ಏನ್ ನಿಂತಿದ್ರಿ ಸಾ ನೀವು! ಕಲ್ಲಲ್ ಕೆತ್ತಿ ನಿಲ್ಸಿದಂಗೆ!” ಎಂದು ಕೆಂಚಪ್ಪ ಹೊಗಳಿದ. ನನಗೆ ಹೆಮ್ಮೆಯಾಯಿತು. ನಾಚಿಕೆಯ ವಿಷಯ ಬರೆಯುತ್ತಿದ್ದೇನೆ ಎಂದಮೇಲೆ ಇದನ್ನೂ ಬರೆಯಬೇಕು. ಆ ಕೂಗು ಕೇಳಿದ ಮೇಲೂ ಹೆಮ್ಮೆಯೇ ಆಯಿತು.

ನಮ್ಮದು ಮಾಂಸ ತಿನ್ನದ ಮನೆ. ಮನೆಯಲ್ಲಿ ನನ್ನ ಹೆಂಡತಿ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರು ಕುಡಿಯುವವಳಲ್ಲ. ಹಾಸ್ಟೆಲಿನಲ್ಲಿ ನಾನು ಕದ್ದು ತಿನ್ನುವುದು ಕಲಿತಿದ್ದೆ. ಆ ರಾತ್ರಿ ಕೆಂಚಪ್ಪನ ಮನೆಯಲ್ಲಿ ರಾಗಿ ಮುದ್ದೆಯ ಜೊತೆ ಮೊಲದ ಸಾರು ಉಂಡೆ. ಆಮೇಲೆ ನಾಲ್ಕೈದು ವರ್ಷ ಆಗಾಗ ಅವನು ಕರೆಯುತ್ತಿದ್ದ, ನಾನು ಹೋಗುತ್ತಿದ್ದೆ. ಹೆಂಡತಿಗೆ, “ಹಸು ಈಯಕ್ಕೆ ಕಷ್ಟವಾಗಿದೆ” ಎಂದು ಹೇಳಿ ಹೊರಡುತ್ತಿದ್ದೆ. ಆಕೆ ಫ್ಲಾಸ್ಕಿಗೆ ಕಾಫಿ ಹಾಕಿ ಕೊಡುತ್ತಿದ್ದಳು.

ಕಾಲ ಬದಲಾಯಿತು. ತಲೆಗೆ ಕಟ್ಟುವ ಎಲ್‌ಇಡಿ ದೀಪಗಳು ಬಂದವು. ಬೆಂಗಳೂರಿನವರು ನಮ್ಮ ಕಡೆ ತೋಟ ಕೊಂಡು ಬೇಲಿ ಹಾಕಿಸಿದರು. ಶನಿವಾರ ಸಂಜೆ ಕಾರು ಬರುವುದು, ಜೀಪಿನ ಮೇಲೆ ದೊಡ್ಡ ಲೈಟು ಕಟ್ಟಿಕೊಂಡು ಹೊಲದೊಳಗೆ ನುಗ್ಗುವುದು ಶುರುವಾಯಿತು. ಕೆಂಚಪ್ಪ ಒಂದು ರಾತ್ರಿ ಒಂದು ಮೊಲ ಹಿಡಿಯುತ್ತಿದ್ದ, ಎರಡು ಸಿಕ್ಕರೆ ದೊಡ್ಡದು. ಇವರು ಗೋಣಿಚೀಲದಲ್ಲಿ ತುಂಬುತ್ತಿದ್ದರು. ಹಾಗೆ ಬರುವವರನ್ನು ಕರೆಸಿ ಊಟ ಹಾಕುತ್ತಿದ್ದವರು ಊರ ಪಕ್ಕದಲ್ಲೇ ಜಲ್ಲಿ ಕ್ರಷರ್ ಇಟ್ಟಿದ್ದ ಒಬ್ಬರು. ಅವರ ಹೆಸರು ಇಲ್ಲಿ ಬರೆದಿಲ್ಲ. ಬರೆಯದೇ ಇರುವುದಕ್ಕೆ ಸೌಜನ್ಯ ಕಾರಣವಲ್ಲ. ಈಗಲೂ ನನಗೆ ಅವರೆಂದರೆ ಭಯ.

ಅದೇ ಹೊತ್ತಿಗೆ ನಮ್ಮ ಭಾಗಕ್ಕೆ ಮಂಜುಳಾ ಎಂಬ ಹುಡುಗಿ ಫಾರೆಸ್ಟ್ ಗಾರ್ಡ್ ಆಗಿ ಬಂದಳು. ಚನ್ನಪಟ್ಟಣದ ಕಡೆಯವಳು. ಅಪ್ಪ ಇಲ್ಲ, ತಾಯಿಯನ್ನು ಜೊತೆಗಿಟ್ಟುಕೊಂಡಿದ್ದಳು. ಸ್ಕೂಟರಿನಲ್ಲಿ ಹೊಲದ ದಾರಿಗಳಲ್ಲೆಲ್ಲ ಒಬ್ಬಳೇ ಓಡಾಡುತ್ತಿದ್ದಳು. ನಮ್ಮ ಆಸ್ಪತ್ರೆಗೂ ಆಗಾಗ ಬಂದು, ಗಾಯಗೊಂಡ ನವಿಲು, ಬಾವಿಗೆ ಬಿದ್ದ ಪುನುಗು ಬೆಕ್ಕು ತಂದು ಕೊಡುತ್ತಿದ್ದಳು. ಪ್ರಾಣಿ ನೋಡುವಾಗ ಪಕ್ಕದಲ್ಲಿ ನಿಂತು ಒಂದೊಂದೂ ಕೇಳುತ್ತಿದ್ದಳು. “ಇದು ಗಂಡು ಅಂತ ಹೇಗೆ ಗೊತ್ತಾಯ್ತು ಸಾರ್? ವಯಸ್ಸು ಹೇಗೆ ಹೇಳ್ತೀರ?” ನನ್ನ ಮಾತನ್ನು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ನನ್ನನ್ನು ಹಾಗೆ ಗುರುವಿನಂತೆ ನೋಡಿದವರು ಮತ್ತೊಬ್ಬರಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಅವಳು ಬಂದಳು. ರಾತ್ರಿಯೆಲ್ಲ ನಿದ್ದೆಯಿಲ್ಲ, ಯೂನಿಫಾರ್ಮ್ ತುಂಬಾ ಮುಳ್ಳು ಗೀರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಗೋಣಿಚೀಲ ಇತ್ತು.

“ಕ್ರಷರ್‌ನವರ ತೋಟದಲ್ಲಿ ಹಿಡಿದೆ ಸಾರ್. ಜೀಪಿನ ಕೀ ಕಿತ್ಕೊಂಡೆ. ಲೈಟು ಸಿಕ್ಕಿದೆ, ಇಬ್ಬರು ಸಿಕ್ಕಿದ್ದಾರೆ. ನಾನು ಹೋಗೋ ಹೊತ್ತಿಗೆ ತಲೆ, ಚರ್ಮ ಎಲ್ಲ ನಾಯಿಗೆ ಹಾಕ್ಬಿಟ್ಟಿದ್ರು. ಸಾಕಿದ ಮೊಲ ಅಂತ ವಾದ ಮಾಡ್ತಾ ಇದ್ದಾರೆ. ನೀವು ನೋಡಿ ಬರೆದುಕೊಟ್ರೆ ಕೇಸು ನಿಲ್ಲುತ್ತೆ.”

ಚೀಲದಲ್ಲಿ ತಲೆಯಿಲ್ಲದ, ಚರ್ಮ ಸುಲಿದ ಮೂರು ದೇಹಗಳಿದ್ದವು. ಮಹಜರಿಗೆ ಸಹಿ ಮಾಡಿಸಿಕೊಂಡು ಮಧ್ಯಾಹ್ನ ಬರುತ್ತೇನೆ ಎಂದು ಚೀಲ ಬಿಟ್ಟು ಹೋದಳು.

ನಾನೂ ಪುಟ್ಟಗೌರಮ್ಮನೂ ಮೇಜಿನ ಮೇಲೆ ಇಟ್ಟು ನೋಡಿದೆವು. ಈ ಕೆಲಸಕ್ಕೆ ಬಂದಿರುವ ನಿಮಗೆ ಇದು ಗೊತ್ತಿರಬೇಕು. ನಮ್ಮ ಭಾಷೆಯಲ್ಲಿ ಎರಡಕ್ಕೂ ಮೊಲ ಎಂದೇ ಹೆಸರು, ಆದರೆ ಸಾಕುವುದು ಬೇರೆ ಪ್ರಾಣಿ, ಹೊಲದಲ್ಲಿ ಓಡುವುದು ಬೇರೆ ಪ್ರಾಣಿ. ಸಾಕು ಮೊಲದ ಮಾಂಸ ಕೋಳಿಯದರಂತೆ ಬೆಳ್ಳಗೆ. ಕಾಡುಮೊಲದ್ದು ಕಡುಗೆಂಪು, ಹಿಂಗಾಲಿನ ಮೂಳೆಯೂ ಉದ್ದ. ಮೂರೂ ಕಡುಗೆಂಪಾಗಿದ್ದವು. ಅಷ್ಟೇ ಸಾಕಿತ್ತು. ಆದರೂ ಒಂದರ ಹೊಟ್ಟೆ ಇನ್ನೂ ಸೀಳಿರಲಿಲ್ಲ. ಕತ್ತರಿ ಹಾಕಿದೆ. ಒಳಗೆ ಎರಡು ಮರಿ ಇದ್ದವು, ದಿನ ತುಂಬಿದ ಮರಿಗಳು.

ಪುಟ್ಟಗೌರಮ್ಮ ಅವನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಸರ್ಕಾರದ ಯೋಜನೆಯೊಂದರಲ್ಲಿ ಅವಳ ಮನೆಯಲ್ಲೂ ಒಂದು ಕಾಲಕ್ಕೆ ಮೊಲ ಸಾಕಿದ್ದರು.

“ಸಾ, ಸಾಕ್ಮೊಲದ ಮರಿ ಹುಟ್ಟುವಾಗ ಇಲಿಮರಿಯಂಗೆ ಬೆತ್ಲೆ ಇರ್ತವೆ, ಕಣ್ ಬುಟ್ಟಿರಲ್ಲ. ಇವುಕ್ಕೆ ಆಗ್ಲೇ ತುಪ್ಟ ಬಂದೈತೆ. ನೋಡಿ, ಕಣ್ಣೂ ಬುಟ್ಟವೆ.”

ಹೌದು. ಕಾಡುಮೊಲದ ಮರಿ ಬಯಲಿನಲ್ಲಿ ಹುಟ್ಟುತ್ತದೆ. ಅದಕ್ಕೆ ಬಿಲವಿಲ್ಲ. ಹುಟ್ಟಿದ ಕೂಡಲೇ ನೋಡಬೇಕು, ಓಡಬೇಕು. ಅದಕ್ಕೇ ತುಪ್ಪಳ ಹೊದ್ದು, ಕಣ್ಣು ತೆರೆದುಕೊಂಡೇ ಬರುತ್ತದೆ. ಯಾವ ಕೋರ್ಟಿನಲ್ಲಿ, ಯಾವ ವಕೀಲನ ಮುಂದೆ ಬೇಕಾದರೂ ನಿಲ್ಲಬಹುದಾದ ಸಾಕ್ಷಿ ಅದು.

ಹತ್ತು ಗಂಟೆಗೆ ಕ್ರಷರ್ ಮಾಲೀಕರು ಬಂದರು. ಒಬ್ಬರೇ, ಬಿಳಿ ಅಂಗಿ, ಬಿಳಿ ಪಂಚೆ. ಕುರ್ಚಿ ಎಳೆದುಕೊಂಡು ಕೂತರು.

“ಆ ಹುಡ್ಗಿ ಪಾಪ, ಹೊಸ್ಬಳು. ನಮ್ ತ್ವಾಟದಲ್ ಪಂಜ್ರದಲ್ಲಿ ಸಾಕಿರೋ ಮೊಲಾನ ಕಾಡ್ಮೊಲ ಅಂತವಳೆ. ನೀವಾದ್ರೆ ಗೊತ್ ಮಾಡ್ಕತೀರ ಡಾಕ್ಟ್ರೇ. ತಿಂದು ರುಚಿ ಕಂಡಿರೋರು.”

ಅವರು ನಗುತ್ತಲೇ ಇದ್ದರು.

“ಕೆಂಚಪ್ಪ ನಮ್ ಕ್ರಷರ್ ಹತ್ರ ಕುಂತು ಹೇಳ್ತಿರ್ತಾನೆ, ‘ಡಾಕ್ಟ್ರು ಲೈಟ್ ಹಿಡಿದ್ರೆ ಅಲ್ಲಾಡಲ್ಲ’ ಅಂತ. ಮನೇಲಿ ಅಮ್ಮಾವ್ರಿಗೆ ಗೊತ್ತಿಲ್ಲ ಅಂತ ಕಾಣ್ತದೆ. ನಾನ್ಯಾಕ್ ಹೇಳಕ್ ಹೋಗ್ಲಿ ಬುಡಿ.”

ಅವರು ಹೋದ ಸ್ವಲ್ಪ ಹೊತ್ತಿಗೆ ನಮ್ಮ ಮೇಲಧಿಕಾರಿಯ ಫೋನು ಬಂತು. “ನೋಡಿ, ನಿಮ್ಮ ಕೆಲಸದಲ್ಲಿ ನಾನು ಕೈ ಹಾಕಲ್ಲ. ಅನುಮಾನ ಏನಾದ್ರೂ ಇದ್ರೆ ಅನುಮಾನದ ಲಾಭ ಕೊಡಿ, ಅಷ್ಟೇ” ಎಂದರು.

ನನಗೆ ಅನುಮಾನ ಇರಲಿಲ್ಲ. “ಅನುಮಾನ ಇಲ್ಲ ಸಾರ್” ಎಂಬ ಮೂರು ಮಾತು ಬಾಯಿಂದ ಬರಲಿಲ್ಲ. “ಆಗಲಿ ಸಾರ್” ಎಂದೆ.

ಬೇರೆ ದಾರಿಗಳಿದ್ದವು. ಮಾಂಸದ ಒಂದು ತುಂಡನ್ನು ಸ್ಪಿರಿಟ್ಟಿನಲ್ಲಿ ಹಾಕಿ, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದಿತ್ತು. ನನ್ನಿಂದ ಹೇಳಲಾಗದು ಎಂದಾದರೂ ಬರೆಯಬಹುದಿತ್ತು. ನಾನು ಲೆಟರ್‌ಹೆಡ್ಡು ತೆಗೆದು, “ಪರೀಕ್ಷಿಸಲಾಗಿ, ಸದರಿ ಮೂರು ಮೃತದೇಹಗಳು ಸಾಕು ಮೊಲದ ಜಾತಿಗೆ ಸೇರಿದವುಗಳೆಂದು ಕಂಡುಬಂದಿರುತ್ತದೆ” ಎಂದು ಬರೆದೆ. ಸಹಿ ಮಾಡಿ ಮೊಹರು ಒತ್ತಿದೆ. ಆಮೇಲೆ ಪುಟ್ಟಗೌರಮ್ಮನಿಗೆ, “ಎಲ್ಲಾ ಹೂತುಬಿಡು, ವಾಸನೆ ಬರುತ್ತೆ” ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಗುದ್ದಲಿ ತೆಗೆದುಕೊಂಡು ಹೊಂಗೆಮರದ ಹತ್ತಿರ ಹೋದಳು. ಮರಿಗಳನ್ನು ಬೇರೆಯಾಗಿ, ಹತ್ತಿಯಲ್ಲಿ ಸುತ್ತಿ ಹೂತದ್ದನ್ನು ಕಿಟಕಿಯಿಂದ ನೋಡಿದೆ.

ಮಧ್ಯಾಹ್ನ ಮಂಜುಳಾ ಬಂದಳು. ಕಾಗದ ಓದಿದಳು. ಇನ್ನೊಂದು ಸಲ ಓದಿದಳು.

“ಸಾಕಿದ್ದಾ ಸಾರ್?”

“ಹೂಂ ಕಣಮ್ಮ. ಚರ್ಮ ಇಲ್ಲದೇ ಇದ್ರೆ ಗೊತ್ತಾಗೋದು ಕಷ್ಟ. ಹೊಸಬರಿಗೆ ಹೀಗೆ ಆಗುತ್ತೆ.”

ಸುಳ್ಳು ಬರೆದದ್ದು ಸಾಲದು ಎಂಬಂತೆ ಅವಳಿಗೆ ಸಮಾಧಾನವನ್ನೂ ಹೇಳಿದೆ. ಅವಳು, “ಸರಿ ಸಾರ್” ಎಂದಷ್ಟೇ ಹೇಳಿ ಕಾಗದ ಮಡಿಸಿಕೊಂಡು ಹೊರಟಳು. ಇವಳಿಗೆ ಎಲ್ಲಾ ಅರ್ಥವಾಯಿತು, ನನ್ನ ಮೇಲೆ ಹೇಸಿಗೆ ಪಟ್ಟುಕೊಂಡು ಹೋದಳು ಎಂದೇ ನಾನು ತಿಳಿದೆ.

ಸುಳ್ಳು ಕೇಸು ಹಾಕಿದಳೆಂದು ಅವಳ ಮೇಲೆ ದೂರು ಹೋಯಿತು. ನೋಟಿಸು ಬಂತು. ಎರಡು ತಿಂಗಳಲ್ಲಿ ಅವಳಿಗೆ ವರ್ಗವಾಯಿತು. ಹೋಗುವಾಗ ಅವಳು ಆಸ್ಪತ್ರೆಯ ಕಡೆ ಬರಲಿಲ್ಲ.

ಅದಾದ ಮೇಲೆ ನಾನು ಒಂದು ನಿರ್ಧಾರ ಮಾಡಿದೆ. ಇನ್ನು ಮುಂದೆ ಯಾರು ಏನೇ ಹೇಳಲಿ, ಕಂಡದ್ದನ್ನೇ ಬರೆಯುತ್ತೇನೆ. ಕೆಂಚಪ್ಪನ ಜೊತೆ ಹೋಗುವುದನ್ನೂ ನಿಲ್ಲಿಸಿದೆ. ಈ ನಿರ್ಧಾರದಿಂದ ಮನಸ್ಸಿಗೆ ಒಂದಿಷ್ಟು ಹಗುರವಾಗಿತ್ತು. ಆರು ತಿಂಗಳು ಕಳೆದಿರಲಿಲ್ಲ, ಹೊಸದಾಗಿ ಬಂದ ಗಾರ್ಡ್ ಒಬ್ಬ ಒಂದು ಮೊಲವನ್ನು ಹಿಡಿದು ತಂದ. ಚರ್ಮ, ಕಿವಿ, ಕುತ್ತಿಗೆ ಹಿಂದಿನ ಕಪ್ಪು ಮಚ್ಚೆ ಎಲ್ಲ ಇತ್ತು. ಹಿಂದೆ ಕೈಕಟ್ಟಿಕೊಂಡು ನಿಂತಿದ್ದವನು ಕೆಂಚಪ್ಪ.

ಕೆಂಚಪ್ಪ ನನ್ನನ್ನು ನೋಡಿದ. ಏನೂ ಕೇಳಲಿಲ್ಲ. ಯಾರ ಫೋನೂ ಬರಲಿಲ್ಲ. ಯಾರೂ ಬಿಳಿ ಪಂಚೆ ಉಟ್ಟು ಬಂದು ಕುರ್ಚಿ ಎಳೆದುಕೊಂಡು ಕೂರಲಿಲ್ಲ. ನಾನು ‘ಕಾಡುಮೊಲ’ ಎಂದು ಬರೆದು ಸಹಿ ಮಾಡಿದೆ. ನಿಜವನ್ನೇ ಬರೆದೆ. ನಿಜ ಬರೆಯುವ ಧೈರ್ಯ ನನಗೆ ಬಂದದ್ದು ಕೆಂಚಪ್ಪನ ಮೇಲೆ.

ಅವನನ್ನು ರಾಮನಗರದ ಜೈಲಿಗೆ ಕಳಿಸಿದರು. ಜಾಮೀನು ಸಿಗುವ ಹೊತ್ತಿಗೆ ಕುರಿಗಳಿಗೆ ನೀಲಿನಾಲಿಗೆ ರೋಗ ಬಂದಿತ್ತು. ಅವನ ಹೆಂಡತಿ ಬಂದು ಹೇಳಿದಳು, ನಾನು ಹೋಗಿ ಸೂಜಿ ಹಾಕಿದೆ. ಆದರೂ ಅರ್ಧದಷ್ಟು ಸತ್ತವು. ಜೈಲಿನಿಂದ ಬಂದ ಮೇಲೆ ಅವನು ಆಸ್ಪತ್ರೆಗೆ ಬರುವುದು ಬಿಟ್ಟ. ಸಂತೆಯ ದಿನ ರಸ್ತೆಯಲ್ಲಿ ಎದುರಾದಾಗ ನಾನೇ ನಿಲ್ಲಿಸಿ ಮಾತಾಡಿಸಿದೆ.

“ಕೋಪ ಇಟ್ಕೋಬೇಡ ಕೆಂಚಪ್ಪ. ಇದ್ದದ್ದನ್ನು ಬರೆಯಲೇಬೇಕಿತ್ತು.”

“ಯಾಕ್ ಕ್ವಾಪ ಡಾಕ್ಟ್ರೇ? ಹೊಡ್ದಿದ್ ನಾನು, ತಪ್ಪು ನಂದೇ” ಎಂದ ಕೆಂಚಪ್ಪ. ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡ. “ಆದ್ರೆ ಒಂದ್ ಮಾತು. ಕ್ರಷರ್‌ನೋರ ಮೊಲ ಸಾಕಿದ್ದು ಅಂದ್ರಿ, ನಂದು ಕಾಡಿಂದು ಅಂದ್ರಿ. ಎರ್ಡೂ ಒಂದೇ ಹುರುಳಿ ಹೊಲ್ದಲ್ ಮೇಯ್ತಿದ್ವು ಕಣ್ ಡಾಕ್ಟ್ರೇ. ಆ ಹೊಲ ನಂದು.”

ಅಷ್ಟು ಹೇಳಿ ಅವನು ಸಂತೆಯೊಳಗೆ ಹೋದ. ನಾನು ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಯಾರೋ ನಮಸ್ಕಾರ ಡಾಕ್ಟ್ರೇ ಎಂದರು. ತಿರುಗಿ ನಮಸ್ಕಾರ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಅವತ್ತು ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಯಾವುದು ಗೊತ್ತಾಗುತ್ತದೆ ಎಂದು ಹೆದರಿ ನಾನು ಆ ಕಾಗದ ಬರೆದೆನೋ ಅದು ಅವಳಿಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. “ನಿಮ್ಮ ಅಂಗಿ ಒಗೆಯೋಳು ನಾನು, ವಾಸನೆ ಗೊತ್ತಾಗೋದಿಲ್ವಾ?” ಎಂದಳು. “ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ.” ಮಾಂಸ ತಿಂದದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ. ಮಂಜುಳಾಳ ವಿಷಯ ಕೇಳಿ ಎದ್ದು ಹೋಗಿ ದೇವರ ಕೋಣೆಯಲ್ಲಿ ಕೂತಳು. ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ನನಗೂ ಬೇರೆ ಬೇರೆ ಕಡೆ ವರ್ಗವಾಯಿತು. ಕೊನೆಗೆ ರಾಮನಗರದಲ್ಲಿ ನೆಲೆ ನಿಂತೆವು. ನಿವೃತ್ತಿಯಾದ ತಿಂಗಳಲ್ಲಿ ಪುಟ್ಟಗೌರಮ್ಮ ಮಗಳ ಮದುವೆಯ ಕಾಗದ ಕೊಡಲು ಮನೆಗೆ ಬಂದಳು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತಳು.

“ಆ ಫಾರೆಸ್ಟ್ ಹುಡ್ಗಿ ಕನಕಪುರದ ಕಡೆ ಅವ್ಳೆ ಸಾ. ನರ್ಸರೀಲಿ ಗಿಡ ಸಾಕ್ಕಂಡು. ಒಂದ್ಸಲ ಹೋಗ್ ಬನ್ನಿ.”

“ಹೋಗಿ ಏನು ಹೇಳಲಿ?”

“ಅದ್ ನಂಗೊತ್ತಿಲ್ಲ ಸಾ. ಗುಣಿ ತೋಡ್ದೋಳು ನಾನು. ನಂಗೇ ಇಷ್ಟ್ ವರ್ಷ ಅದು ಕಣ್ಮುಂದೆ ಬತ್ತದೆ.”

ಅವಳು ಹೋದ ಮೇಲೂ ಎರಡು ವಾರ ನೆವ ಹುಡುಕಿದೆ. ಬಿಸಿಲು ಎಂದೆ, ಮೊಣಕಾಲು ನೋವು ಎಂದೆ. ಕೊನೆಗೆ ಒಂದು ಬೆಳಿಗ್ಗೆ ಹೆಂಡತಿಯೇ ಚಪ್ಪಲಿ ತಂದು ಮುಂದಿಟ್ಟಳು. ಕನಕಪುರದ ಬಸ್ಸು ಹತ್ತಿದೆ.

ನರ್ಸರಿ ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಕಪ್ಪು ಪಾಲಿಥೀನ್ ಚೀಲಗಳ ಸಾಲು ಸಾಲು ಸಸಿ. ಮಂಜುಳಾ ಪೈಪು ಹಿಡಿದು ನೀರು ಬಿಡುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ನನ್ನನ್ನು ನೋಡಿ ಪೈಪು ಕೆಳಗಿಟ್ಟು ಓಡಿ ಬಂದಳು.

“ಸಾರ್, ನೀವಾ! ಹೇಳಿದ್ರೆ ನಾನೇ ಬರ್ತಿದ್ದೆನಲ್ಲ!”

ಹೊಂಗೆ ಸಸಿಗಳ ಪಕ್ಕ ಕಲ್ಲುಬೆಂಚಿನ ಮೇಲೆ ಕೂರಿಸಿದಳು. ತಾಯಿ ತೀರಿಕೊಂಡದ್ದು, ಮದುವೆಯಾದದ್ದು, ಇಬ್ಬರು ಮಕ್ಕಳು, ಎಲ್ಲ ಹೇಳಿದಳು. ಅವಳ ಮಾತಿನಲ್ಲಿ ಹೇಸಿಗೆ, ಕೋಪ ಯಾವುದೂ ಇರಲಿಲ್ಲ. ನನಗೆ ಗಲಿಬಿಲಿಯಾಯಿತು. ಇಷ್ಟು ವರ್ಷ ನರ್ಸರಿಯಲ್ಲೇ ಯಾಕೆ ಉಳಿದೆ ಎಂದು ಕೇಳಿದೆ.

“ನಾನೇ ಕೇಳ್ಕೊಂಡು ಬಂದೆ ಸಾರ್. ಬೀಟ್ ತಿರುಗೋ ಕೆಲಸಕ್ಕೆ ನನ್ನ ಕಣ್ಣು ಸಾಲದು ಅನ್ನಿಸ್ತು. ಆವತ್ತು ನೀವು ಬರೆದುಕೊಟ್ಟ ಮೇಲೆ ನನಗೆ ಬುದ್ಧಿ ಬಂತು. ಸಾಕಿದ ಮೊಲ, ಕಾಡುಮೊಲ ಗೊತ್ತಾಗದೇ ಯಾರ್ಯಾರನ್ನೋ ರಾತ್ರೋರಾತ್ರಿ ಹಿಡ್ಕೊಂಡು ಅವಮಾನ ಮಾಡಿದ್ನಲ್ಲ ಅಂತ. ಅಮ್ಮನ್ನೂ ಕರ್ಕೊಂಡು ಕ್ರಷರ್‌ನವರ ಮನೆಗೆ ಹೋಗಿದ್ದೆ, ಕ್ಷಮೆ ಕೇಳೋಕೆ. ಅವರು ಒಳಗೆ ಕರೀಲಿಲ್ಲ. ಎರಡು ಗಂಟೆ ಗೇಟಿನ ಹತ್ರ ನಿಂತಿದ್ವಿ. ಆಮೇಲೆ ನಿಮಗೆ ಮುಖ ತೋರಿಸೋಕೆ ನಾಚಿಕೆಯಾಯ್ತು. ನೀವು ಅಷ್ಟೆಲ್ಲ ಹೇಳಿಕೊಟ್ಟಿದ್ರಿ.”

ಅವಳು ನನ್ನನ್ನು ನಂಬಿದ್ದಳು. ಇಷ್ಟು ವರ್ಷವೂ ನಂಬಿದ್ದಳು. ಇದೊಂದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ನನಗೆ ಆಗ ಎದ್ದು ಬಸ್ಸಿಗೆ ಹೋಗಿಬಿಡಬೇಕು ಅನ್ನಿಸಿತು. ಹೋಗಿದ್ದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ, ಅವಳ ಮನಸ್ಸಿನಲ್ಲಿ ನಾನು ದೊಡ್ಡವನಾಗಿಯೇ ಉಳಿಯುತ್ತಿದ್ದೆ. ಕೂತೇ ಹೇಳಿದೆ. ಕೆಂಚಪ್ಪನ ಜೊತೆ ದೀಪ ಹಿಡಿದದ್ದು, ಮಾಲೀಕರು ಬಂದದ್ದು, ಫೋನು ಬಂದದ್ದು, ಕಡುಗೆಂಪು ಮಾಂಸ, ಹೊಟ್ಟೆಯೊಳಗಿನ ಮರಿಗಳು, ಎಲ್ಲವನ್ನೂ ಹೇಳಿದೆ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಪೈಪಿನಿಂದ ನೀರು ಹರಿದು ದಾರಿಗೆ ಬರುತ್ತಿತ್ತು. ಅವಳು ಎದ್ದು ಹೋಗಿ ನಲ್ಲಿ ನಿಲ್ಲಿಸಿ ಬಂದಳು.

“ಮರಿ ಕಣ್ಣು ಬಿಟ್ಟಿದ್ವಾ ಸಾರ್?”

“ಬಿಟ್ಟಿದ್ವು.”

ಅವಳು ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬೈಯಲಿಲ್ಲ. ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು.

“ಬರೆದುಕೊಡಿ ಸಾರ್.”

“ಈಗ ಬರೆದರೆ ಏನು ಬಂತಮ್ಮ? ಕೇಸು ಮುಗಿದು ಎಷ್ಟು ವರ್ಷವಾಯ್ತು. ನನ್ನ ಸಹಿಗೂ ಈಗ ಬೆಲೆ ಇಲ್ಲ, ಮೊಹರೂ ಇಲ್ಲ.”

“ಕೇಸಿಗಲ್ಲ ಸಾರ್, ನನಗೆ.”

ಬರೆದೆ. ‘ಫಾರೆಸ್ಟ್ ಗಾರ್ಡ್ ಒಬ್ಬರು ಪರೀಕ್ಷೆಗೆ ತಂದಿದ್ದ ಮೂರು ಮೊಲಗಳೂ ಕಾಡುಮೊಲಗಳೇ. ನಾನು ಗೊತ್ತಿದ್ದೂ ಸುಳ್ಳು ಬರೆದುಕೊಟ್ಟಿದ್ದೆ.’ ಕೆಳಗೆ ಸಹಿ ಹಾಕಿ ಕೊಟ್ಟೆ. ಅವಳು ಓದಿ ಹಾಳೆಯನ್ನು ತಿರುಗಿ ನನ್ನ ಕೈಗೇ ಕೊಟ್ಟಳು.

“ಹೆಸರು ಬಿಟ್ಟಿದ್ದೀರಿ.”

ಕ್ರಷರ್ ಮಾಲೀಕರದು ಎಂದುಕೊಂಡೆ. “ಯಾರದು?” ಎಂದೆ.

“ನನ್ನದು ಸಾರ್.”

‘ಫಾರೆಸ್ಟ್ ಗಾರ್ಡ್ ಒಬ್ಬರು’ ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ‘ಮಂಜುಳಾ’ ಎಂದು ಬರೆದೆ.